ಸಾಲವೊಂದೇ ಸಾಲದು

ಸಂಜೆ ಏಳರ ಹೊತ್ತು. ಮಡಕಶಿರಾ ಸೀಮೆಯ ಯಾವುದಾದರೂ ಒಂದು ಹಳ್ಳಿ ಎಂದುಕೊಳ್ಳಿ. ದನಕ್ಕೆ ಮೇವು ಹಾಕಿ, ಒಲೆಯ ಮೇಲಿನ ಸಾರು ಇಳಿಸಿ, ಹೆಂಗಸರು ಒಬ್ಬೊಬ್ಬರಾಗಿ ಗುಡಿಯ ಮುಂದಿನ ಕಟ್ಟೆಗೆ ಬರುತ್ತಾರೆ. ಚಾಪೆ ಹಾಸುತ್ತಾರೆ. ಒಬ್ಬಾಕೆ ಸೆರಗಿನಡಿಯಿಂದ ಉದ್ದನೆಯ ರಟ್ಟಿನ ಪುಸ್ತಕ ತೆಗೆಯುತ್ತಾಳೆ, ಇನ್ನೊಬ್ಬಾಕೆ ಬೀಗ ಹಾಕಿದ ತಗಡಿನ ಪೆಟ್ಟಿಗೆಯನ್ನು ನಡುವೆ ಇಡುತ್ತಾಳೆ. ಹಾಜರಿ ಕೂಗುತ್ತಾರೆ. ಉಳಿತಾಯದ ದುಡ್ಡು ಎಣಿಸುತ್ತಾರೆ. ಆಮೇಲೆ ನಿಜವಾದ ಮಾತು ಶುರು.

ಪೆಟ್ಟಿಗೆಯಲ್ಲಿ ಇರುವುದು ಹದಿನೆಂಟು ಸಾವಿರ. ಒಬ್ಬಾಕೆಗೆ ಮಗಳ ಕಾಲೇಜು ಫೀಸಿಗೆ ಎಂಟು ಸಾವಿರ ಬೇಕು. ಇನ್ನೊಬ್ಬಾಕೆಗೆ ಹಸು ತರಲು ಹದಿನೈದು. ಮೂಲೆಯಲ್ಲಿ ಕೂತವಳ ಅತ್ತೆ ಆಸ್ಪತ್ರೆಯಲ್ಲಿದ್ದಾರೆ, ಆಕೆಗೆ ಐದು. ಲೆಕ್ಕ ಎಲ್ಲರಿಗೂ ಗೊತ್ತು, ಮೂವರಿಗೂ ಸಾಲದು. ಸ್ವಲ್ಪ ಹೊತ್ತು ಯಾರೂ ಮಾತಾಡುವುದಿಲ್ಲ. ಕೊನೆಗೆ ಹಿರಿಯಳೊಬ್ಬಳು ಹೇಳುತ್ತಾಳೆ: “ನಿನ್ನ ಹಸ ಮುಂದಿನ ತಿಂಗಳು ತಂದ್ರೂ ನಡೀತದೆ ಕಣೇ. ಆಸ್ಪತ್ರೆ ನಿಲ್ಲಲ್ಲ, ಫೀಸೂ ನಿಲ್ಲಲ್ಲ.” ಹಸು ಬೇಕೆಂದವಳು ಮುಖ ಗಂಟಿಕ್ಕಿಕೊಂಡೇ ತಲೆಯಾಡಿಸುತ್ತಾಳೆ. ತೀರ್ಮಾನವನ್ನು ಪುಸ್ತಕದಲ್ಲಿ ಬರೆಯುತ್ತಾರೆ. ಎಲ್ಲರೂ ಸಹಿ ಹಾಕುತ್ತಾರೆ.

ಕಿರುಸಾಲ, ಮೈಕ್ರೋಫೈನಾನ್ಸ್, ಸ್ವಸಹಾಯ ಸಂಘ ಎಂಬ ಮಾತುಗಳನ್ನು ನಾವು ದಿನವೂ ಕೇಳುತ್ತೇವೆ. ಒಂದು ದಿನ ಪತ್ರಿಕೆಯಲ್ಲಿ ಸಂಘದಿಂದ ಉದ್ಧಾರವಾದ ಮಹಿಳೆಯ ಫೋಟೊ ಬರುತ್ತದೆ. ಮರುದಿನ ಕಂತು ಕಟ್ಟಲಾಗದೆ ಊರು ಬಿಟ್ಟವರ ಸುದ್ದಿ ಬರುತ್ತದೆ. ಎರಡೂ ಸುಳ್ಳಲ್ಲ. ಹಾಗಾದರೆ ಒಂದು ಸಾಲ ಕೈಹಿಡಿಯುವುದು ಯಾವಾಗ, ಇನ್ನೊಂದು ಮುಳುಗಿಸುವುದು ಯಾಕೆ? ಇದನ್ನು ತಿಳಿಯಲು ಆಂಧ್ರದ ಗಡಿಯ ಎರಡು ಕನ್ನಡ ಸೀಮೆಗಳು, ಮಡಕಶಿರಾ ಮತ್ತು ರಾಯದುರ್ಗ, ಒಳ್ಳೆಯ ಪಾಠಶಾಲೆ.

ಮಳೆ ತಪ್ಪಿಸಿಕೊಂಡು ಹೋಗುವ ಸೀಮೆ

ರಾಯದುರ್ಗ ಮೊದಲು ಬಳ್ಳಾರಿ ಜಿಲ್ಲೆಯ ತಾಲ್ಲೂಕು. 1953ರಲ್ಲಿ ಆಂಧ್ರ ರಾಜ್ಯ ಆದಾಗ ಆದೋನಿ, ಆಲೂರುಗಳ ಜೊತೆಗೆ ಆ ಕಡೆಗೆ ಹೋಯಿತು. ಮಡಕಶಿರಾವಂತೂ ಶಿರಾ, ಮಧುಗಿರಿ, ಪಾವಗಡ, ಗೌರಿಬಿದನೂರುಗಳ ಮಗ್ಗುಲಲ್ಲೇ ಇದೆ. ನೊಳಂಬರ ರಾಜಧಾನಿಯಾಗಿದ್ದ ಹೆಂಜೇರು, ಇಂದಿನ ಹೇಮಾವತಿ, ಇಲ್ಲಿನ ಅಮರಾಪುರ ಮಂಡಲದಲ್ಲಿದೆ. ಅಮರಾಪುರ, ಅಗಳಿ, ರೊಳ್ಳ, ಗುಡಿಬಂಡೆ ಕಡೆಯ ಮನೆಮಾತು ಬಹುಮಟ್ಟಿಗೆ ಕನ್ನಡವೇ. 2022ರ ಏಪ್ರಿಲ್‌ನಲ್ಲಿ ಅನಂತಪುರ ಜಿಲ್ಲೆ ಒಡೆದಾಗ ಮಡಕಶಿರಾ ಶ್ರೀ ಸತ್ಯಸಾಯಿ ಜಿಲ್ಲೆಗೆ ಸೇರಿತು, ರಾಯದುರ್ಗ ಅನಂತಪುರದಲ್ಲೇ ಉಳಿಯಿತು.

ಅನಂತಪುರ ದೇಶದಲ್ಲೇ ಅತಿ ಕಡಿಮೆ ಮಳೆ ಬೀಳುವ ಜಿಲ್ಲೆಗಳಲ್ಲೊಂದು. ಸರಾಸರಿ ವರ್ಷಕ್ಕೆ 550 ಮಿಲಿಮೀಟರ್ ಆಸುಪಾಸು. ಮುಂಗಾರು ಮಾರುತ ಪಶ್ಚಿಮ ಘಟ್ಟದಲ್ಲಿ ಬಸಿದು ಇಲ್ಲಿಗೆ ತಲುಪುವಷ್ಟರಲ್ಲಿ ಒಣಗಿರುತ್ತದೆ. ಹಿಂಗಾರು ಪೂರ್ವ ಕರಾವಳಿಯಿಂದ ಒಳನಾಡಿಗೆ ಬರುವಷ್ಟರಲ್ಲಿ ಸೋತಿರುತ್ತದೆ. ರಾಯದುರ್ಗದ ಕಡೆ ವೇದಾವತಿ ಹಗರಿಯ ದಂಡೆಯಲ್ಲಿ ಮರಳುದಿಬ್ಬಗಳೇ ಎದ್ದಿವೆ. ಬೊಮ್ಮನಹಾಳ್ ಮಂಡಲದ ದರ್ಗಾ ಹೊನ್ನೂರಿನಲ್ಲಿ ಹೊಲಗಳ ಮೇಲೆ ಮರಳು ಹರಿದುಬರುವುದನ್ನು ಕಣ್ಣಾರೆ ನೋಡಬಹುದು.

ಇಂಥ ನೆಲದಲ್ಲಿ ದಶಕಗಳ ಕಾಲ ಜನ ನಂಬಿದ್ದು ಒಂದೇ ಬೆಳೆಯನ್ನು. ರಾಯದುರ್ಗದವರು ಅದನ್ನು ಶೇಂಗಾ ಎನ್ನುತ್ತಾರೆ, ಮಡಕಶಿರಾದವರು ಕಡ್ಲೆಕಾಯಿ. ಮಳೆ ಹಿಡಿದರೆ ಅದು ಕೈಗೆ ರೊಕ್ಕ ತರುವ ಬೆಳೆ. ಬೀಜಕ್ಕೇ ದೊಡ್ಡ ಖರ್ಚು. ಮಳೆ ಕೈಕೊಟ್ಟರೆ ಬೀಜದ ದುಡ್ಡೂ ಹುಟ್ಟದು. ಆಗ ಉಳಿಯುವುದು ಎರಡೇ ದಾರಿ: ಬಡ್ಡಿಗೆ ಕೈಸಾಲ, ಇಲ್ಲವೇ ಬೆಂಗಳೂರಿಗೆ ಗುಳೆ. ಕೆಲವರು ಕೈಸಾಲ ತಂದು ಬೋರ್‌ವೆಲ್ ಕೊರೆಸಿದರು. ನೀರು ಬೀಳದ ಬೋರಿನ ಸಾಲ ತೀರಿಸಲು ಇನ್ನೊಂದು ಬೋರು ಕೊರೆಸಿದವರೂ ಇದ್ದಾರೆ.

ಬಡತನ ಎಂದರೆ ಕಡಿಮೆ ದುಡಿಮೆ ಎಂದಷ್ಟೇ ನಾವು ತಿಳಿಯುತ್ತೇವೆ. ಇಲ್ಲಿನವರನ್ನು ಹೆಚ್ಚು ಕಾಡುವುದು ದುಡಿಮೆಯ ಹೊತ್ತುಗೊತ್ತು. ಹಣ ಬರುವುದು ವರ್ಷಕ್ಕೊಮ್ಮೆ, ಕಾಯಿ ಕಿತ್ತ ಮೇಲೆ. ಖರ್ಚಿಗೆ ಮಾತ್ರ ಋತುವಿಲ್ಲ. ಜ್ವರ ಆಷಾಢದಲ್ಲೂ ಬರುತ್ತದೆ. ಶಾಲೆಯ ಫೀಸು ಬಿತ್ತನೆಯ ತಿಂಗಳಲ್ಲೇ ಬರುತ್ತದೆ. ಆ ನಡುವಿನ ತಿಂಗಳುಗಳಲ್ಲಿ ಬಡವರ ಮನೆಯ ಮೂಗುತಿ, ಮೇಕೆ, ಕೊನೆಗೆ ನೆಲ ಕೈತಪ್ಪುತ್ತದೆ.

ಒಡೆದ ಸಹಕಾರ ಸಂಘದಿಂದ ಮೊಳೆತದ್ದು

ಕಿರುಸಾಲ ಎಂದ ಕೂಡಲೇ ಬಾಂಗ್ಲಾದೇಶದ ಗ್ರಾಮೀಣ ಬ್ಯಾಂಕ್, 2006ರಲ್ಲಿ ನೊಬೆಲ್ ಶಾಂತಿ ಪ್ರಶಸ್ತಿ ಪಡೆದ ಮುಹಮ್ಮದ್ ಯೂನುಸ್ ನೆನಪಾಗುತ್ತಾರೆ. ನಮ್ಮ ಹಳ್ಳಿಗಳ ಸಂಘಗಳ ಬೇರು ಬೇರೆ ಕಡೆಯದು, ಅದರಲ್ಲೂ ಬಹುಪಾಲು ನಮ್ಮ ನೆಲದ್ದೇ. ಇದನ್ನು ಕನ್ನಡಿಗರು ಅಭಿಮಾನದಿಂದ ತಿಳಿದಿರಬೇಕು.

ಟಿಬೆಟ್ ನಿರಾಶ್ರಿತರ ಪುನರ್ವಸತಿಗಾಗಿ 1968ರಲ್ಲಿ ಮೈರಾಡ ಎಂಬ ಸಂಸ್ಥೆ ಆರಂಭವಾಯಿತು. ಮುಂದೆ ಅದು ಕರ್ನಾಟಕದ ಒಣ ತಾಲ್ಲೂಕುಗಳಲ್ಲಿ, ಗಡಿಯಾಚೆ ಮಡಕಶಿರಾ, ಕದಿರಿ ಭಾಗದಲ್ಲಿ ಬಡವರ ನಡುವೆ ಕೆಲಸಕ್ಕಿಳಿಯಿತು. ಮೊದಮೊದಲು ಕಟ್ಟಿದ್ದು ದೊಡ್ಡ ಸಹಕಾರ ಸಂಘಗಳನ್ನು. 1984–85ರ ಸುಮಾರಿಗೆ ಅವು ಒಂದೊಂದಾಗಿ ಕುಸಿದವು. ಊರಿನ ಪ್ರಬಲರು ಅಧ್ಯಕ್ಷರಾಗಿದ್ದರು, ಲೆಕ್ಕ ಯಾರಿಗೂ ಕಾಣುತ್ತಿರಲಿಲ್ಲ, ಸಾಮಾನ್ಯ ಸದಸ್ಯರಿಗೆ ನಂಬಿಕೆ ಹೋಗಿತ್ತು.

ಆಗ ಒಂದು ವಿಚಿತ್ರ ನಡೆಯಿತು. ಹತ್ತು–ಹದಿನೈದು ಮಂದಿಯ ಸಣ್ಣ ಗುಂಪುಗಳು ಸಂಸ್ಥೆಯವರ ಬಳಿ ಬಂದು, ತಾವು ತೆಗೆದುಕೊಂಡ ಸಾಲವನ್ನು ವಾಪಸ್ ಕೊಡಲು ಸಿದ್ಧ, ಆದರೆ ಆ ಸಹಕಾರ ಸಂಘಕ್ಕೆ ಮಾತ್ರ ಕೊಡುವುದಿಲ್ಲ ಎಂದವು. ಹಾಗಾದರೆ ನಿಮ್ಮ ಗುಂಪಿಗೇ ಕಟ್ಟಿಕೊಳ್ಳಿ, ನೀವೇ ಅದನ್ನು ಮತ್ತೆ ಸಾಲವಾಗಿ ಹಂಚಿಕೊಳ್ಳಿ ಎಂದಿತು ಮೈರಾಡ. ಅಲ್ಲಿಂದ ಸಂಘ ಹುಟ್ಟಿತು. ಆಗ ಸಂಸ್ಥೆಯನ್ನು ನಡೆಸುತ್ತಿದ್ದವರು ಅಲೋಶಿಯಸ್ ಫರ್ನಾಂಡಿಸ್. 2000ದಲ್ಲಿ ಅವರಿಗೆ ಪದ್ಮಶ್ರೀ ಬಂತು.

ಆ ಗುಂಪುಗಳು ಯಾಕೆ ನಿಂತವು? ಅವುಗಳನ್ನು ಯಾರೂ ಪಟ್ಟಿ ಮಾಡಿ ಸೇರಿಸಿರಲಿಲ್ಲ. ಒಂದೇ ಕೇರಿಯವರು, ಒಟ್ಟಿಗೆ ಕೂಲಿಗೆ ಹೋಗುವವರು, ಹೆರಿಗೆ–ಸಾವಿನಲ್ಲಿ ಒಬ್ಬರಿಗೊಬ್ಬರು ಆದವರು ತಾವಾಗಿಯೇ ಕೂಡಿದ್ದರು. ಸಾಲಕ್ಕೆ ಮುಂಚೆಯೇ ಅವರ ನಡುವೆ ನಂಬಿಕೆ ಇತ್ತು. ಈ ಹೊಂದಾಣಿಕೆಯೇ ಸಂಘದ ಮೂಲಧನ ಎಂಬುದು ಫರ್ನಾಂಡಿಸ್ ಅವರ ಪಟ್ಟು. ಮೇಲಿನಿಂದ ಗುರಿ ನಿಗದಿ ಮಾಡಿ, ಮಾರ್ಚ್ ಒಳಗೆ ಇಷ್ಟು ಸಂಘ ಆಗಬೇಕು ಎಂದು ಕಟ್ಟಿದ ಗುಂಪುಗಳು ಹಣ ಹಂಚಿದ ಮೇಲೆ ಒಡೆದದ್ದನ್ನು ಎಷ್ಟೋ ಊರುಗಳು ಕಂಡಿವೆ.

1987ರಲ್ಲಿ ಕೃಷಿ ಮತ್ತು ಗ್ರಾಮೀಣ ಅಭಿವೃದ್ಧಿಯ ರಾಷ್ಟ್ರೀಯ ಬ್ಯಾಂಕಾದ ನಬಾರ್ಡ್ ಈ ಪ್ರಯೋಗಕ್ಕಾಗಿ ಮೈರಾಡಕ್ಕೆ 10 ಲಕ್ಷ ರೂಪಾಯಿ ಕೊಟ್ಟಿತು. ಸಂಘದ ಉಳಿತಾಯಕ್ಕೆ ಸರಿಸಾಟಿಯಾಗಿ ಸ್ವಲ್ಪ ಹಣ ಸೇರಿಸಿ ನೋಡುವುದು ಉದ್ದೇಶ. ಅದರ ಅನುಭವದ ಮೇಲೆ 1992ರಲ್ಲಿ ದೇಶದಾದ್ಯಂತ 500 ಸಂಘಗಳನ್ನು ಬ್ಯಾಂಕುಗಳಿಗೆ ಜೋಡಿಸುವ ಯೋಜನೆ ಆರಂಭಿಸಿತು. ನೋಂದಣಿಯಿಲ್ಲದ ಗುಂಪಿನ ಹೆಸರಲ್ಲಿ ಖಾತೆ ತೆರೆಯುವುದು, ಅಡಮಾನವಿಲ್ಲದೆ ಸಾಲ ಕೊಡುವುದು, ಯಾರಿಗೆ ಯಾವುದಕ್ಕೆ ಎಂದು ಬ್ಯಾಂಕು ಕೇಳದೆ ಸಂಘಕ್ಕೇ ಬಿಡುವುದು: ಅಂದಿನ ಬ್ಯಾಂಕು ಮ್ಯಾನೇಜರುಗಳಿಗೆ ಇದು ನುಂಗಲಾರದ ತುತ್ತು. ಇಂದು ಹೀಗೆ ಬ್ಯಾಂಕಿಗೆ ಜೋಡಿಸಿಕೊಂಡ ಸಂಘಗಳ ಸಂಖ್ಯೆ ದೇಶದಲ್ಲಿ ಒಂದು ಕೋಟಿಗೂ ಹೆಚ್ಚು.

ನೂರಕ್ಕೆ ಮೂರು ರೂಪಾಯಿ

ಹಳ್ಳಿಯಲ್ಲಿ ಬಡ್ಡಿಯನ್ನು ವರ್ಷದ ಲೆಕ್ಕದಲ್ಲಿ ಹೇಳುವುದಿಲ್ಲ. “ನೂರಕ್ಕೆ ಮೂರು” ಎಂದರೆ ತಿಂಗಳಿಗೆ ನೂರು ರೂಪಾಯಿಗೆ ಮೂರು ರೂಪಾಯಿ, ವರ್ಷಕ್ಕೆ ಶೇ 36. ಹತ್ತು ಸಾವಿರ ತಂದವರು ತಿಂಗಳು ತಿಂಗಳು ಮುನ್ನೂರು ಕಟ್ಟುತ್ತಾರೆ. ವರ್ಷದ ಕೊನೆಗೆ 3,600 ರೂಪಾಯಿ ಹೋಗಿರುತ್ತದೆ, ಅಸಲು ಹತ್ತು ಸಾವಿರ ಹಾಗೇ ಕೂತಿರುತ್ತದೆ. ಸಾಹುಕಾರನಿಗೆ ಅಸಲು ವಾಪಸ್ ಬರುವ ಅವಸರವೂ ಇಲ್ಲ.

ಅದೇ ಹತ್ತು ಸಾವಿರವನ್ನು ಸಂಘದಿಂದ ನೂರಕ್ಕೆ ಒಂದು ರೂಪಾಯಿಯಂತೆ ತಂದು, ತಿಂಗಳಿಗೆ ಸಾವಿರ ಅಸಲು ಇಳಿಸುತ್ತ ಬಂದರೆ ಮೊದಲ ತಿಂಗಳು ಬಡ್ಡಿ ನೂರು, ಎರಡನೇ ತಿಂಗಳು ತೊಂಬತ್ತು, ಹೀಗೆ ಇಳಿದು ಹತ್ತು ತಿಂಗಳಿಗೆ ಒಟ್ಟು 550 ರೂಪಾಯಿ. ಆ 550 ಕೂಡ ಊರು ಬಿಟ್ಟು ಹೋಗುವುದಿಲ್ಲ, ಸಂಘದ ಗಂಟಿಗೇ ಸೇರುತ್ತದೆ.

ಈ ಗಂಟು ಕಟ್ಟಿಕೊಂಡದ್ದು ಬಹಳ ಸಣ್ಣ ಕಾಸಿನಿಂದ. ಆಂಧ್ರದಲ್ಲಿ 1990ರ ದಶಕದಲ್ಲಿ ದಿನಕ್ಕೊಂದು ರೂಪಾಯಿ ಉಳಿಸುವ ‘ಪೊದುಪು’ ಚಳವಳಿ ಹಬ್ಬಿತು. ನೆಲ್ಲೂರು ಜಿಲ್ಲೆಯ ದೂಬಗುಂಟದ ಹೆಂಗಸರು 1992ರಲ್ಲಿ ಸಾರಾಯಿ ಅಂಗಡಿಗಳ ವಿರುದ್ಧ ಎದ್ದು ನಿಂತದ್ದು ಅದರ ಹಿನ್ನೆಲೆ. ಗಂಡ ಕುಡಿಯುತ್ತಿದ್ದ ದುಡ್ಡು ಉಳಿದರೆ ಎಲ್ಲಿಡುವುದು ಎಂಬ ಪ್ರಶ್ನೆಗೆ ಸಂಘ ಉತ್ತರವಾಯಿತು. ಹದಿನೈದು ಹೆಂಗಸರು ತಿಂಗಳಿಗೆ ಮೂವತ್ತರಂತೆ ಹಾಕಿದರೆ 450, ವರ್ಷಕ್ಕೆ 5,400. ಇವತ್ತಿಗೆ ಅದು ಏನೂ ಅಲ್ಲ ಅನ್ನಿಸಬಹುದು. ಆದರೆ ರಾತ್ರಿ ಹತ್ತಕ್ಕೆ ಮಗುವಿಗೆ ಜ್ವರ ಬಂದಾಗ ಸಾಹುಕಾರನ ಜಗಲಿಗೆ ಹೋಗದೆ ಪಕ್ಕದ ಮನೆಯ ಬಾಗಿಲು ತಟ್ಟಿ ಐನೂರು ತರುವುದು ಬಡವರ ಪಾಲಿಗೆ ದೊಡ್ಡ ಬಿಡುಗಡೆ. ಬಡತನದಿಂದ ಮೇಲೇಳುವ ಮಾತು ಆಮೇಲೆ. ಮೊದಲು ಇನ್ನೂ ಕೆಳಗೆ ಜಾರುವುದು ನಿಲ್ಲಬೇಕು, ಮತ್ತು ಆ ಕೆಲಸವನ್ನು ಸಂಘ ಚೆನ್ನಾಗಿಯೇ ಮಾಡಿದೆ.

2000ದಲ್ಲಿ ವಿಶ್ವಬ್ಯಾಂಕಿನ ನೆರವಿನೊಂದಿಗೆ ಆಂಧ್ರ ಸರ್ಕಾರ ಆರು ಬಡ ಜಿಲ್ಲೆಗಳಲ್ಲಿ ‘ವೆಲುಗು’ ಆರಂಭಿಸಿತು. ಅನಂತಪುರ ಅವುಗಳಲ್ಲೊಂದು. ಸಂಘಗಳು ಸೇರಿ ಗ್ರಾಮ ಸಮಾಖ್ಯೆ, ಅವು ಸೇರಿ ಮಂಡಲ ಸಮಾಖ್ಯೆ, ಅದರ ಮೇಲೆ ಜಿಲ್ಲಾ ಸಮಾಖ್ಯೆ. ಯೋಜನೆಯ ಹೆಸರು ಸರ್ಕಾರ ಬದಲಾದಂತೆ ಬದಲಾಯಿತು, ಜನ ಮಾತ್ರ ಇಂದಿಗೂ ಅದಕ್ಕೂ ಹಿಂದಿನ ಮಹಿಳಾ ಯೋಜನೆಯ ‘ಡ್ವಾಕ್ರಾ’ ಎಂಬ ಹೆಸರನ್ನೇ ಹಿಡಿದಿದ್ದಾರೆ. 2011ರಲ್ಲಿ ದೇಶಕ್ಕೇ ರೂಪಿಸಿದ ರಾಷ್ಟ್ರೀಯ ಗ್ರಾಮೀಣ ಜೀವನೋಪಾಯ ಅಭಿಯಾನಕ್ಕೆ ಈ ಅನುಭವವೂ ಬುನಾದಿಯಾಯಿತು.

ಪುಸ್ತಕ ಬರೆಯುವುದೂ ಒಂದು ತರಬೇತಿ

ತರಬೇತಿ ಎಂದರೆ ಹೊಲಿಗೆ, ಉಪ್ಪಿನಕಾಯಿ, ಅಗರಬತ್ತಿ ಎಂದೇ ಅಭ್ಯಾಸವಾಗಿದೆ. ಅದಕ್ಕೂ ಮೊದಲಿನ ತರಬೇತಿ ಒಂದಿದೆ. ಸಭೆ ಹೇಗೆ ನಡೆಸಬೇಕು, ತಡವಾಗಿ ಬಂದವರಿಗೆ ಎಷ್ಟು ದಂಡ, ಕಂತು ತಪ್ಪಿಸಿದವಳ ಮನೆಯಲ್ಲಿ ಕಷ್ಟವಿದೆಯೋ ಅಸಡ್ಡೆಯೋ ಎಂದು ತಿಳಿಯುವುದು ಹೇಗೆ, ಪ್ರತಿನಿಧಿಗಳನ್ನು ಯಾಕೆ ಬದಲಾಯಿಸುತ್ತಿರಬೇಕು, ನಗದು ಪುಸ್ತಕವನ್ನೂ ಬ್ಯಾಂಕಿನ ಪಾಸ್‌ಬುಕ್ಕನ್ನೂ ಹೇಗೆ ತಾಳೆ ನೋಡಬೇಕು. ಹೆಬ್ಬೆಟ್ಟು ಒತ್ತುತ್ತಿದ್ದವರು ಸಹಿ ಕಲಿತದ್ದು, ಬ್ಯಾಂಕಿನ ಕೌಂಟರಿನ ಮುಂದೆ ಗಟ್ಟಿಯಾಗಿ ಮಾತಾಡಿದ್ದು ಈ ಕಲಿಕೆಯಿಂದ. ಮೈರಾಡದಂಥ ಸಂಸ್ಥೆಗಳು ಸಾಲಕ್ಕಿಂತ ಹೆಚ್ಚು ದಿನಗಳನ್ನು ಇದಕ್ಕೆ ಕೊಟ್ಟವು.

ಗಡಿನಾಡಿನಲ್ಲಿ ಇದಕ್ಕೊಂದು ಗಂಭೀರವಾದ ತೊಡಕೂ ಇದೆ. ಮನೆಮಾತು ಕನ್ನಡ, ಸರ್ಕಾರಿ ಪುಸ್ತಕ ತೆಲುಗು, ಬ್ಯಾಂಕಿನ ಅರ್ಜಿ ಇಂಗ್ಲಿಷು. ಕನ್ನಡ ಶಾಲೆಯಲ್ಲಿ ನಾಲ್ಕು ಅಕ್ಷರ ಕಲಿತವಳು ಸಂಘದ ತೀರ್ಮಾನವನ್ನು ಓದಲಾಗದೆ ಪುಸ್ತಕ ಬರೆಯುವವಳನ್ನು ನಂಬಬೇಕು. ಆ ನಂಬಿಕೆಗೆ ಹೆಚ್ಚಿನ ಸಲ ಮೋಸವಾಗುವುದಿಲ್ಲ. ಆದರೂ ತನ್ನ ದುಡ್ಡಿನ ಲೆಕ್ಕವನ್ನು ತಾನೇ ಓದುವ ಹಕ್ಕು ಸಣ್ಣದಲ್ಲ. ಮಡಕಶಿರಾದ ಮಂಡಲಗಳಲ್ಲಿ ಸಂಘದ ಪುಸ್ತಕ ಎರಡೂ ಲಿಪಿಯಲ್ಲಿ ಇರುವಂತಾದರೆ ಖರ್ಚೇನೂ ಹೆಚ್ಚಾಗದು.

ಇನ್ನು ಕಸುಬಿನ ತರಬೇತಿ. ಮಡಕಶಿರಾ–ಹಿಂದೂಪುರದ ಕಡೆ ಅದಕ್ಕೆ ಸಿಕ್ಕ ಒಳ್ಳೆಯ ನೆಲೆ ರೇಷ್ಮೆ. ಕಡಲೆಕಾಯಿ ವರ್ಷಕ್ಕೊಮ್ಮೆ ಹಣ ಕೊಟ್ಟರೆ ರೇಷ್ಮೆಹುಳು ಮೊಟ್ಟೆಯೊಡೆದು ಗೂಡು ಕಟ್ಟಲು ಒಂದು ತಿಂಗಳೂ ಬೇಡ. ಸ್ವಲ್ಪ ನೀರು, ಅರ್ಧ–ಒಂದು ಎಕರೆ ಹಿಪ್ಪುನೇರಳೆ, ಒಂದು ಸಾಕಣೆ ಮನೆ ಇದ್ದರೆ ವರ್ಷಕ್ಕೆ ಹಲವು ಬೆಳೆ. ತಿಂಗಳ ಕಂತಿಗೂ ಇದಕ್ಕೂ ಹೊಂದಿಕೆಯಾಗುತ್ತದೆ.

ಆದರೆ ಹುಳು ಸಾಕುವುದು ಬಾಯಿಮಾತಲ್ಲ. ಹುಳು ನಾಲ್ಕು ಸಲ ಪೊರೆ ಬಿಡುತ್ತದೆ. ರೈತರು ಅದನ್ನು ‘ಜ್ವರಕ್ಕೆ ಹೋಗುವುದು’ ಎನ್ನುತ್ತಾರೆ. ಜ್ವರದಲ್ಲಿರುವಾಗ ಸೊಪ್ಪು ಹಾಕಬಾರದು, ಎದ್ದ ಮೇಲೆ ತಡಮಾಡಬಾರದು. ಎಲ್ಲ ಹುಳುಗಳೂ ಏಳುವವರೆಗೆ ಕಾಯದೆ ಸೊಪ್ಪು ಹಾಕಿದರೆ ಬೆಳೆ ಏರುಪೇರಾಗಿ, ಕೆಲವು ಹಣ್ಣಾಗುವಾಗ ಕೆಲವು ಇನ್ನೂ ಮೇಯುತ್ತಿರುತ್ತವೆ. ನಾಲ್ಕನೇ ಜ್ವರ ಎದ್ದ ಮೇಲಿನ ವಾರದಲ್ಲಿ ಇಡೀ ಬೆಳೆಯ ಸೊಪ್ಪಿನ ಬಹುಪಾಲು ಖರ್ಚಾಗುತ್ತದೆ. ಆ ವಾರ ಮನೆಮಂದಿಗೆ ನಿದ್ದೆಯಿಲ್ಲ. ಸಾಕಣೆ ಮನೆಯ ಶಾಖ 24ರಿಂದ 28 ಡಿಗ್ರಿ ಒಳಗಿರಬೇಕು, ಹೊರಗೆ ಬೇಸಿಗೆಯ ಬಿಸಿಲು 40 ದಾಟಿರುತ್ತದೆ. ಗೋಣಿಚೀಲ ನೆನೆಸಿ ಕಿಟಕಿಗೆ ಕಟ್ಟುತ್ತಾರೆ, ಸೂರಿನ ಮೇಲೆ ತೆಂಗಿನ ಗರಿ ಹರಡುತ್ತಾರೆ. ಹಿಂದಿನ ಬೆಳೆಯ ತಟ್ಟೆ, ನೆಲ, ಗೋಡೆಗಳನ್ನು ಬ್ಲೀಚಿಂಗ್ ಪುಡಿ, ಸುಣ್ಣದಿಂದ ಶುದ್ಧಿ ಮಾಡದಿದ್ದರೆ ಹಾಲುತೊಂಡೆ, ಸುಣ್ಣಕಟ್ಟು ರೋಗ ಬಂದು ಇಡೀ ಮನೆ ಹುಳು ಎರಡು ದಿನದಲ್ಲಿ ತಿಪ್ಪೆ ಸೇರುತ್ತದೆ. ಊಜಿ ನೊಣ ಒಳಗೆ ಬರದಂತೆ ಬಲೆ ಕಟ್ಟಬೇಕು.

ಈಗ ಯೋಚಿಸಿ: ಇದೊಂದೂ ಗೊತ್ತಿಲ್ಲದ ಮನೆಗೆ ಸಾಕಣೆ ಮನೆ ಕಟ್ಟಲು ಒಂದು ಲಕ್ಷ ಸಾಲ ಕೊಟ್ಟರೆ ಏನಾಗುತ್ತದೆ? ಎರಡು ಬೆಳೆ ಕೈಕೊಟ್ಟರೆ ಮುಗಿಯಿತು. ಹಿಂದೂಪುರದ ಪಕ್ಕದ ಕಿರಿಕೆರೆಯಲ್ಲಿ ರಾಜ್ಯದ ರೇಷ್ಮೆ ಸಂಶೋಧನಾ ಸಂಸ್ಥೆಯೇ ಇದೆ. ಅಲ್ಲಿ ಕಲಿತು ಬಂದ ಒಬ್ಬಾಕೆ ಊರಲ್ಲಿದ್ದರೆ ಉಳಿದವರು ಅವಳ ಮನೆಗೆ ಹೋಗಿ ನೋಡಿ ಕಲಿಯುತ್ತಾರೆ. ಮರಿಹುಳು ಸಾಕಿಕೊಡುವ ಚಾಕಿ ಕೇಂದ್ರದಿಂದ ಎರಡು ಜ್ವರ ದಾಟಿದ ಹುಳು ತಂದರೆ ಮೊದಲ ದಿನಗಳ ಅಪಾಯ ತಪ್ಪುತ್ತದೆ ಎಂಬ ತಿಳಿವಳಿಕೆ ಸಾಲದಷ್ಟೇ ಬೆಲೆಯದು.

ರಾಯದುರ್ಗದ ಕಥೆ ಬೇರೆ. ಅಲ್ಲಿಯ ಕಸುಬು ಜೀನ್ಸ್. ಬಳ್ಳಾರಿಯಲ್ಲಿ ಬೆಳೆದ ಜೀನ್ಸ್ ಉದ್ಯಮ ರೈಲುಹಾದಿಯುದ್ದಕ್ಕೂ ಹಬ್ಬಿ ರಾಯದುರ್ಗದ ಗಲ್ಲಿಗಳಿಗೂ ಬಂತು. ಕತ್ತರಿಸಿದ ಬಟ್ಟೆಯ ಕಟ್ಟು ಮನೆಗೆ ಬರುತ್ತದೆ. ಒಬ್ಬರು ಜೇಬು, ಒಬ್ಬರು ಜಿಪ್ಪು, ಒಬ್ಬರು ಸೊಂಟಪಟ್ಟಿ ಹೊಲಿಯುತ್ತಾರೆ. ಕೂಲಿ ಪೀಸಿನ ಲೆಕ್ಕ. ಕಾಲಿನಲ್ಲಿ ತುಳಿಯುವ ಹಳೆಯ ಮಿಷನ್ನಿನಲ್ಲಿ ರವಿಕೆ ಹೊಲಿಯುತ್ತಿದ್ದವರು ದಪ್ಪ ಡೆನಿಮ್ ಮೇಲೆ ಕೈಯಿಟ್ಟರೆ ಸೂಜಿ ಮುರಿಯುತ್ತದೆ. ಪವರ್ ಮಿಷನ್ ವೇಗಕ್ಕೆ ಕೈ ಪಳಗಲು ವಾರಗಳು ಬೇಕು. ಪಳಗಿದ ಮೇಲೆ ತನ್ನದೇ ಒಂದು ಮಿಷನ್ ಕೊಳ್ಳಲು ಸಂಘದ ಸಾಲ ಸಿಕ್ಕರೆ, ಆ ಸಾಲಕ್ಕೆ ಅರ್ಥ ಬರುತ್ತದೆ. ಮಳೆಯಿಲ್ಲದ ವರ್ಷದಲ್ಲೂ ಮನೆಯೊಳಗೆ ಒಂದು ಕೂಲಿ ಹುಟ್ಟುತ್ತದೆ. ಪೀಸಿನ ದರವನ್ನು ತೀರ್ಮಾನಿಸುವವನು ಮಾತ್ರ ಕಟ್ಟು ತಂದುಕೊಡುವವನೇ. ಇಪ್ಪತ್ತು ಮನೆಯವರು ಒಟ್ಟಾಗಿ ದರ ಕೇಳುವ ಧೈರ್ಯ ಸಂಘಗಳಿಂದ ಬರಬೇಕಿತ್ತು. ಅದು ಇನ್ನೂ ಬಂದಿಲ್ಲ ಎಂಬುದು ನನ್ನ ಕೊರಗು.

ಸಾಲ ಮತ್ತು ಕಸುಬು ಜೊತೆಜೊತೆಗೆ ಹೋಗಬೇಕು ಎಂಬ ಯೋಚನೆಗೂ ಕನ್ನಡನಾಡಿನಲ್ಲೇ ಒಂದು ಮಾದರಿ ಸಿಕ್ಕಿದೆ. 1982ರಲ್ಲಿ ಧರ್ಮಸ್ಥಳದ ವೀರೇಂದ್ರ ಹೆಗ್ಗಡೆಯವರು, ಸಿಂಡಿಕೇಟ್ ಬ್ಯಾಂಕ್, ಕೆನರಾ ಬ್ಯಾಂಕ್ ಸೇರಿ ಉಜಿರೆಯಲ್ಲಿ ರುಡ್‌ಸೆಟ್ ಸಂಸ್ಥೆ ಕಟ್ಟಿದರು. ಊಟ, ವಸತಿ, ಕಲಿಕೆ ಎಲ್ಲ ಉಚಿತ. ಕಲಿತವರನ್ನು ಬ್ಯಾಂಕಿಗೆ ಜೋಡಿಸಿ, ಎರಡು ವರ್ಷ ಬೆನ್ನುಹತ್ತಿ ವಿಚಾರಿಸುವುದು ಅದರ ವಿಶೇಷ. ಮುಂದೆ ಕೇಂದ್ರ ಸರ್ಕಾರ ಇದೇ ಮಾದರಿಯಲ್ಲಿ ಜಿಲ್ಲೆಗೊಂದು ಆರ್‌ಸೆಟಿ ಎಂಬ ತರಬೇತಿ ಸಂಸ್ಥೆ ಇರಬೇಕೆಂದು ಬ್ಯಾಂಕುಗಳಿಗೆ ಹೇಳಿತು. ಪ್ರಮಾಣಪತ್ರ ಕೊಟ್ಟು ಕೈತೊಳೆದುಕೊಳ್ಳುವ ತರಬೇತಿಗೂ ಇದಕ್ಕೂ ಇರುವ ವ್ಯತ್ಯಾಸವೆಲ್ಲ ಆ ಎರಡು ವರ್ಷದಲ್ಲಿದೆ.

ವಾರದ ಕಂತಿನ ಕಾಟ

ಸಂಘಗಳು ನಿಧಾನ. ಆರು ತಿಂಗಳು ಉಳಿತಾಯ ಮಾಡಿದ ಮೇಲೆ ಬ್ಯಾಂಕಿನ ಬಾಗಿಲು. 2000ದ ದಶಕದಲ್ಲಿ ಈ ನಿಧಾನದ ನಡುವೆ ವೇಗದ ಕಂಪನಿಗಳು ಬಂದವು. ಉಳಿತಾಯ ಬೇಡ, ತರಬೇತಿ ಬೇಡ, ಐದು ಜನ ಸೇರಿ ಗುರುತಿಗೊಂದು ಫೋಟೊ ಕೊಟ್ಟರೆ ವಾರದೊಳಗೆ ಹಣ. ಕಂತು ವಾರ ವಾರ.

ಅವರ ಬಡ್ಡಿಯ ಲೆಕ್ಕ ಗಮನಿಸಿ. ಹತ್ತು ಸಾವಿರಕ್ಕೆ ವರ್ಷಕ್ಕೆ ಶೇ 12 ಎಂದರೆ ಕಡಿಮೆಯೇ ಅನ್ನಿಸುತ್ತದೆ. ಆದರೆ ವಾರ ವಾರ ಅಸಲು ಇಳಿಯುತ್ತಿದ್ದರೂ ಬಡ್ಡಿ ಕೊನೆಯವರೆಗೆ ಪೂರ್ತಿ ಹತ್ತು ಸಾವಿರದ ಮೇಲೆಯೇ ಹಾಕಿದರೆ, ವರ್ಷದುದ್ದಕ್ಕೂ ಸರಾಸರಿ ನಿಮ್ಮ ಕೈಲಿರುವುದು ಐದು ಸಾವಿರವಷ್ಟೇ. ಕಟ್ಟುವುದು 1,200. ನಿಜವಾದ ಬಡ್ಡಿ ಶೇ 24ರ ಹತ್ತಿರ. ಇದಕ್ಕೆ ಅರ್ಜಿ ಶುಲ್ಕ, ವಿಮೆ ಬೇರೆ. ವಾರಕ್ಕೊಮ್ಮೆ ಆದಾಯವಿಲ್ಲದ ಕೂಲಿಮನೆಗೆ ವಾರದ ಕಂತು ಬಂದರೆ, ಒಂದು ಕಂಪನಿಯ ಕಂತಿಗೆ ಇನ್ನೊಂದು ಕಂಪನಿಯ ಸಾಲ. ತಪ್ಪಿದವಳ ಕಂತು ಉಳಿದ ನಾಲ್ವರ ಮೇಲೆ. ಸಂಘದಲ್ಲಿ ನಂಬಿಕೆಯಾಗಿದ್ದ ಗೆಳೆತನ ಇಲ್ಲಿ ವಸೂಲಿಯ ಆಯುಧವಾಯಿತು.

2010ರಲ್ಲಿ ಆಂಧ್ರದ ಹಲವೆಡೆ ಆತ್ಮಹತ್ಯೆಗಳ ಸುದ್ದಿ ಬಂದಾಗ ಸರ್ಕಾರ ಅಕ್ಟೋಬರ್‌ನಲ್ಲಿ ಸುಗ್ರೀವಾಜ್ಞೆ ತಂದಿತು. ಕಂಪನಿಗಳು ಜಿಲ್ಲಾಡಳಿತದಲ್ಲಿ ನೋಂದಾಯಿಸಬೇಕು, ಕಂತು ತಿಂಗಳಿಗೊಮ್ಮೆ, ವಸೂಲಿ ಪಂಚಾಯಿತಿ ಕಚೇರಿಯಂಥ ಸಾರ್ವಜನಿಕ ಜಾಗದಲ್ಲಿ, ಒಟ್ಟು ಬಡ್ಡಿ ಅಸಲನ್ನು ಮೀರಬಾರದು. ವ್ಯವಹಾರ ರಾತ್ರೋರಾತ್ರಿ ನಿಂತಿತು. ಗಡಿಯ ಈಚೆ ಪಾವಗಡ, ಬಳ್ಳಾರಿಗಳಲ್ಲಿ ಅದು ನಡೆಯುತ್ತಲೇ ಇತ್ತು. 2023ರ ಫೆಬ್ರುವರಿಯಲ್ಲಿ ತೆಲಂಗಾಣ ಹೈಕೋರ್ಟ್, ರಿಸರ್ವ್ ಬ್ಯಾಂಕಿನಲ್ಲಿ ನೋಂದಾಯಿತ ಕಂಪನಿಗಳಿಗೆ ಆ ಸುಗ್ರೀವಾಜ್ಞೆಯಿಂದ ರೂಪುಗೊಂಡ ಕಾಯ್ದೆ ಅನ್ವಯಿಸದು ಎಂದಿತು. ಕರ್ನಾಟಕಕ್ಕೆ ಅದೇ ಸಂಕಟ ತಡವಾಗಿ ಬಂತು. ವಸೂಲಿಯ ದೌರ್ಜನ್ಯ ತಡೆಯಲು 2025ರ ಫೆಬ್ರುವರಿಯಲ್ಲಿ ಇಲ್ಲೂ ಸುಗ್ರೀವಾಜ್ಞೆ ಹೊರಟಿತು.

ಸಾಲ ತೆಗೆದುಕೊಳ್ಳುವವರಿಗೆ ತಿಳಿದಿರಬೇಕಾದ ನಿಯಮಗಳು ರಿಸರ್ವ್ ಬ್ಯಾಂಕಿನ 2022ರ ಆದೇಶದಲ್ಲಿವೆ. ವರ್ಷಕ್ಕೆ ಮೂರು ಲಕ್ಷದವರೆಗೆ ಆದಾಯವಿರುವ ಕುಟುಂಬಕ್ಕೆ ಕೊಡುವ ಕಿರುಸಾಲಕ್ಕೆ ಅಡಮಾನ ಕೇಳುವಂತಿಲ್ಲ. ಎಲ್ಲ ಸಾಲಗಳ ಕಂತು ಸೇರಿ ಮನೆಯ ತಿಂಗಳ ಆದಾಯದ ಅರ್ಧ ಮೀರಬಾರದು. ಬೆಳಿಗ್ಗೆ 9ಕ್ಕೆ ಮೊದಲು, ಸಂಜೆ 6ರ ನಂತರ ವಸೂಲಿಗಾಗಿ ಕಾಡುವಂತಿಲ್ಲ. ಬಡ್ಡಿ, ಶುಲ್ಕ ಎಲ್ಲ ಸೇರಿಸಿ ನಿಜವಾದ ವಾರ್ಷಿಕ ದರ ಬರೆದ ಹಾಳೆಯನ್ನು ಸಾಲಗಾರರಿಗೆ ಅರ್ಥವಾಗುವ ಭಾಷೆಯಲ್ಲಿ ಕೊಡಬೇಕು. ರೊಳ್ಳದಲ್ಲೋ ಅಗಳಿಯಲ್ಲೋ ಆ ಭಾಷೆ ಕನ್ನಡ ಎಂದು ಕೇಳುವ ಹಕ್ಕು ಅಲ್ಲಿನ ಹೆಂಗಸರಿಗೆ ಇದೆ.

ಸಂಘಕ್ಕೆ ಬರಲಾಗದವರು

ಬರೀ ಸಾಲದಿಂದ ಬಡತನ ಹೋಗುತ್ತದೆಯೇ? ಅರ್ಥಶಾಸ್ತ್ರಜ್ಞರಾದ ಅಭಿಜಿತ್ ಬ್ಯಾನರ್ಜಿ, ಎಸ್ತರ್ ಡಫ್ಲೊ ಮತ್ತು ಅವರ ಸಂಗಡಿಗರು ಹೈದರಾಬಾದಿನ 104 ಬಡ ಬಡಾವಣೆಗಳಲ್ಲಿ ಇದನ್ನು ಪರೀಕ್ಷಿಸಿದರು. ಅರ್ಧದಷ್ಟು ಕಡೆ ಕಿರುಸಾಲದ ಶಾಖೆ ಮೊದಲು ತೆರೆಯಿತು, ಉಳಿದ ಕಡೆ ಇಲ್ಲ. ಸಾಲ ಸಿಕ್ಕ ಕಡೆ ಇದ್ದ ವ್ಯಾಪಾರಕ್ಕೆ ಬಂಡವಾಳ ಸ್ವಲ್ಪ ಹೆಚ್ಚಾಯಿತು. ಮನೆಯ ಒಟ್ಟು ಖರ್ಚು, ಮಕ್ಕಳ ಓದು, ಆರೋಗ್ಯದಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸ ಕಾಣಲಿಲ್ಲ. ಆಂಧ್ರದ ಸ್ವಸಹಾಯ ಸಂಘಗಳನ್ನು ಅಭ್ಯಾಸ ಮಾಡಿದ ಅರ್ಥಶಾಸ್ತ್ರಜ್ಞರಾದ ಕ್ಲೌಸ್ ಡೈನಿಂಗರ್ ಮತ್ತು ಯಾನ್‌ಯಾನ್ ಲಿಯು ಅವರಿಗೆ ಹೆಚ್ಚು ಭರವಸೆಯ ಚಿತ್ರ ಸಿಕ್ಕಿತು: ಊಟ, ಆತ್ಮವಿಶ್ವಾಸ ಬೇಗ ಸುಧಾರಿಸಿತು, ಆಸ್ತಿ ಕೂಡಲು ವರ್ಷಗಳೇ ಬೇಕಾದವು.

ಈ ಎರಡೂ ಬಗೆಯ ಸಾಲದ ಹೊರಗೆ ಇನ್ನೊಂದು ಗುಂಪಿದೆ. ಗಂಡ ಸತ್ತವಳು, ಅಂಗವಿಕಲರಿರುವ ಮನೆ, ಶಿವರಾತ್ರಿ ಕಳೆಯುತ್ತಲೇ ಬೀಗ ಹಾಕಿ ಬೆಂಗಳೂರಿಗೆ ಹೋಗುವ ಕುಟುಂಬ. ವಾರದ ಸಭೆಗೆ ಇವರು ಬರಲಾರರು, ಉಳಿತಾಯ ಹಾಕಲಾರರು. ಸಂಘದವರೂ ಇವರನ್ನು ಸೇರಿಸಿಕೊಳ್ಳಲು ಹಿಂಜರಿಯುತ್ತಾರೆ. ಸೇರಿಸಿಕೊಂಡರೂ ಇವರಿಗೆ ಸಾಲ ಕೊಡುವುದು ಉಪಕಾರವಲ್ಲ.

ಇಂಥವರಿಗೆ ಬೇರೆ ದಾರಿಯನ್ನು ಬಾಂಗ್ಲಾದೇಶದ ಬ್ರಾಕ್ ಸಂಸ್ಥೆ 2002ರಲ್ಲಿ ತೋರಿಸಿತು. ಸಾಲದ ಬದಲು ಒಂದೆರಡು ಮೇಕೆಯನ್ನೋ ಹಸುವನ್ನೋ ಹಾಗೇ ಕೊಡುವುದು, ಸಾಕುವುದನ್ನು ಕಲಿಸುವುದು, ಮೊದಲ ತಿಂಗಳುಗಳಲ್ಲಿ ಹೊಟ್ಟೆಪಾಡಿಗೆ ಸ್ವಲ್ಪ ಹಣ ಕೊಡುವುದು, ವಾರ ವಾರ ಮನೆಗೆ ಹೋಗಿ ವಿಚಾರಿಸುವುದು. ಭಾರತವೂ ಸೇರಿ ಆರು ದೇಶಗಳಲ್ಲಿ ಹತ್ತು ಸಾವಿರಕ್ಕೂ ಹೆಚ್ಚು ಜನರನ್ನು ಒಳಗೊಂಡ ಅಧ್ಯಯನ 2015ರಲ್ಲಿ ಪ್ರಕಟವಾಯಿತು. ನೆರವು ನಿಂತು ವರ್ಷ ಕಳೆದ ಮೇಲೂ ಊಟ, ಆದಾಯ, ಆಸ್ತಿ ಮೇಲೆಯೇ ಇದ್ದವು. ಪಶ್ಚಿಮ ಬಂಗಾಳದ ಮನೆಗಳಲ್ಲಿ ಹತ್ತು ವರ್ಷದ ನಂತರವೂ ಅದರ ಫಲ ಕಂಡಿತು.

ಅದೇ ಮಾದರಿ ಅವಿಭಜಿತ ಆಂಧ್ರದ ಮೇದಕ್ ಜಿಲ್ಲೆಯಲ್ಲಿ ಫಲ ಕೊಡಲಿಲ್ಲ. ಅಲ್ಲಿ ಅದೇ ಹೊತ್ತಿಗೆ ಕೂಲಿ ಏರಿತ್ತು. ದನ ಸಾಕಲು ಮನೆಯಲ್ಲಿ ಉಳಿದವರು ಕೂಲಿ ಕಳೆದುಕೊಂಡರು, ನೆರವು ಸಿಗದವರು ಕೂಲಿಯಿಂದಲೇ ಅವರಷ್ಟು ಸುಧಾರಿಸಿದರು. ಉದ್ಯೋಗ ಖಾತರಿ ಯೋಜನೆಯನ್ನು 2006ರ ಫೆಬ್ರುವರಿ 2ರಂದು ದೇಶಕ್ಕೆ ಆರಂಭಿಸಿದ್ದು ಅನಂತಪುರ ಜಿಲ್ಲೆಯ ಬಂಡ್ಲಪಲ್ಲಿಯಿಂದ ಎಂಬುದನ್ನು ಇಲ್ಲಿ ನೆನೆಯಬೇಕು. ಸಮಯಕ್ಕೆ ಸರಿಯಾಗಿ ಕೈಗೆ ಬರುವ ಕೂಲಿ ಎಷ್ಟೋ ಮನೆಗಳಿಗೆ ಯಾವ ಸಾಲಕ್ಕಿಂತಲೂ ಹೆಚ್ಚಿನ ಆಸರೆ.

ಬಿಹಾರ ಸರ್ಕಾರ 2018ರಿಂದ ಕಡುಬಡವರಿಗಾಗಿ ಇಂಥ ಕಾರ್ಯಕ್ರಮವನ್ನು ಸ್ವಸಹಾಯ ಸಂಘಗಳ ಒಕ್ಕೂಟಗಳ ಮೂಲಕವೇ ನಡೆಸುತ್ತಿದೆ. ಯಾರು ಕಡುಬಡವರು ಎಂದು ಗುರುತಿಸುವವರು ಊರಿನ ಸಂಘದವರು. ರಾಯದುರ್ಗ, ಮಡಕಶಿರಾದ ಸಮಾಖ್ಯೆಗಳಿಗೆ ಎರಡು ದಶಕದ ಅನುಭವವಿದೆ, ಊರೂರಲ್ಲಿ ಪುಸ್ತಕ ಬರೆಯಬಲ್ಲ, ಹುಳು ಸಾಕಲು ಕಲಿಸಬಲ್ಲ ಹೆಂಗಸರಿದ್ದಾರೆ. ಸಭೆಯ ಚಾಪೆಗೆ ಬಾರದ ಹತ್ತು ಮನೆ ಯಾವುವು ಎಂಬುದು ಪ್ರತಿ ಊರಿನ ಸಂಘಕ್ಕೂ ಬಾಯಿಪಾಠ. ಸರ್ಕಾರ ಆ ಮನೆಗಳಿಗೆ ಮೇಕೆಯ ಹಣವನ್ನೂ ಎರಡು ವರ್ಷ ಅಲ್ಲಿಗೆ ಹೋಗಿಬರುವ ಒಬ್ಬಾಕೆಯ ಸಂಬಳವನ್ನೂ ಕೊಡಲಿ. ಪಟ್ಟಿ ಮಾಡುವ ಕೆಲಸವನ್ನು ಸಂಘದವರು ಒಂದೇ ಸಂಜೆಯಲ್ಲಿ ಮುಗಿಸಬಲ್ಲರು.